ಡ್ರೈವರ್‌ಗಳಲ್ಲಿ ಹಿನ್ನೆಲೆ ಕೆಲಸಗಳ ಸುರಕ್ಷಿತ ಮುಕ್ತಾಯ

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯಲ್ಲಿ ಒಂದೊಂದು ಯಂತ್ರಭಾಗವನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಡ್ರೈವರ್ ತನ್ನ ಯಂತ್ರಭಾಗವನ್ನು ಬಿಟ್ಟುಕೊಡುವ ಮೊದಲು, ಅದರ ಸಲುವಾಗಿ ಮುಂದಕ್ಕೆ ಹಾಕಿಟ್ಟ ಕೆಲಸಗಳನ್ನು ರದ್ದುಮಾಡಬೇಕು, ಆಗಲೇ ಓಡುತ್ತಿರುವವು ಮುಗಿಯುವವರೆಗೆ ಕಾಯಬೇಕು, ಯಾವುದೂ ಮತ್ತೆ ಸಾಲಿಗೆ ಸೇರದಂತೆ ದಾರಿ ಮುಚ್ಚಬೇಕು. ಮೆಮೊರಿಯನ್ನು ಹಿಂದಿರುಗಿಸುವುದು ಇವೆಲ್ಲ ಆದ ಮೇಲೆ. ಈ ಕ್ರಮವನ್ನೇ ಹಿನ್ನೆಲೆ ಕೆಲಸಗಳ ಸುರಕ್ಷಿತ ಮುಕ್ತಾಯ ಎನ್ನುತ್ತಾರೆ. ಡ್ರೈವರ್ ಶುರುವಾಗುವ ಭಾಗವನ್ನು ದಿನಕ್ಕೆ ಹತ್ತಾರು ಸಲ ಪರೀಕ್ಷಿಸುತ್ತಾರೆ. ಮುಗಿಯುವ ಭಾಗ ಅಪರೂಪಕ್ಕೆ ಓಡುತ್ತದೆ. ಆದ್ದರಿಂದ ಅಲ್ಲಿನ ತಪ್ಪುಗಳು ವರ್ಷಗಟ್ಟಲೆ ಬೆಳಕಿಗೆ ಬರದೆ ಉಳಿಯುತ್ತವೆ.

ಹಿನ್ನೆಲೆ ಕೆಲಸಗಳ ಅಗತ್ಯ ಹುಟ್ಟುವುದು ಇಂಟರಪ್ಟ್‌ನಿಂದ. ಯಂತ್ರಭಾಗ ಸಂಕೇತ ಕೊಟ್ಟ ಕೂಡಲೇ ಪ್ರೊಸೆಸರ್ ಕೈಯಲ್ಲಿದ್ದುದನ್ನು ಬಿಟ್ಟು ಡ್ರೈವರಿನ ಇಂಟರಪ್ಟ್ ಫಂಕ್ಷನ್ನಿಗೆ ಬರುತ್ತದೆ. ಆ ಹೊತ್ತಿನಲ್ಲಿ ನಿದ್ರಿಸುವಂತಿಲ್ಲ, ಬೀಗಕ್ಕಾಗಿ ದೀರ್ಘಕಾಲ ಕಾಯುವಂತಿಲ್ಲ. ಆದರೆ ಬ್ಯಾಟರಿ ಚಾರ್ಜರಿನಂಥ ಚಿಪ್ಪುಗಳ ಜೊತೆ ಮಾತಾಡುವ ಐ2ಸಿ ಬಸ್ ನಿಧಾನದ್ದು. ಅದರ ವ್ಯವಹಾರದಲ್ಲಿ ನಿದ್ರೆ ಅನಿವಾರ್ಯ. ಹಾಗಾಗಿ ಇಂಟರಪ್ಟ್ ಫಂಕ್ಷನ್ ‘ಈ ಕೆಲಸ ಆಮೇಲೆ ಆಗಲಿ’ ಎಂದು ಸಾಲಿಗೆ ಸೇರಿಸಿ ಹೊರಬರುತ್ತದೆ. ಲಿನಕ್ಸ್ ಕರ್ನೆಲ್ಲಿನಲ್ಲಿ ಇದಕ್ಕೆ ಹಲವು ಸಾಧನಗಳಿವೆ. ನಿದ್ರಿಸಬಲ್ಲ ಕೆಲಸಗಳಿಗೆ ವರ್ಕ್‌ಕ್ಯೂ, ಇಷ್ಟು ಹೊತ್ತಿನ ನಂತರ ಆಗಬೇಕಾದುದಕ್ಕೆ ಡಿಲೇಡ್ ವರ್ಕ್ ಇಲ್ಲವೆ ಟೈಮರ್, ಚುಟುಕು ಕೆಲಸಗಳಿಗೆ ಟಾಸ್ಕ್‌ಲೆಟ್, ಸದಾ ಓಡುವ ಕೆಲಸಕ್ಕೆ ಕರ್ನೆಲ್ ಥ್ರೆಡ್, ಬೀಗವಿಲ್ಲದೆ ಓದುವ ದತ್ತಾಂಶವನ್ನು ತಡವಾಗಿ ಬಿಡುಗಡೆ ಮಾಡಲು ಆರ್‌ಸಿಯು. ಇವೆಲ್ಲವುಗಳ ಮುಕ್ತಾಯದ ನಿಯಮ ಒಂದೇ ಬಗೆಯದು, ವಿವರಗಳು ಮಾತ್ರ ಬೇರೆ ಬೇರೆ.

ಅಪಾಯ ಎಲ್ಲಿದೆ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಬಿಕ್ಯೂ24190 ಎಂಬ ಚಾರ್ಜರ್ ಚಿಪ್ಪಿನ ಲಿನಕ್ಸ್ ಡ್ರೈವರ್ ಒಳ್ಳೆಯ ಉದಾಹರಣೆ. ಹೊರಗಿನ ಅಡಾಪ್ಟರ್ ಸಿಕ್ಕಿಸಿದಾಗ ಒಳಬರುವ ವಿದ್ಯುತ್ತಿನ ಮಿತಿಯನ್ನು ಈ ಡ್ರೈವರ್ ಬದಲಿಸಬೇಕು. ಕೂಡಲೇ ಬದಲಿಸಿದರೆ ಚಿಪ್ಪು ತನ್ನದೇ ಪತ್ತೆಯ ಆಧಾರದ ಮೇಲೆ ಆ ಮಿತಿಯನ್ನು ಮತ್ತೆ 500 ಮಿಲಿಆಂಪಿಯರಿಗೆ ಇಳಿಸಿಬಿಡಬಹುದು. ಆದ್ದರಿಂದ ಡ್ರೈವರ್ ಆ ಕೆಲಸವನ್ನು 300 ಮಿಲಿಸೆಕೆಂಡು ಮುಂದಕ್ಕೆ ಹಾಕುತ್ತದೆ. ಈ 300 ಮಿಲಿಸೆಕೆಂಡಿನ ಒಳಗೇ ಡ್ರೈವರನ್ನು ಕಳಚಿದರೆ ಅದರ ದತ್ತಾಂಶ ಇದ್ದ ಮೆಮೊರಿ ಬಿಡುಗಡೆಯಾಗುತ್ತದೆ, ಸಾಲಿನಲ್ಲಿದ್ದ ಕೆಲಸ ಮಾತ್ರ ಹಾಗೆಯೇ ಉಳಿದಿರುತ್ತದೆ. ಹೊತ್ತು ಮುಗಿದಾಗ ಕರ್ನೆಲ್ ಆ ಕೆಲಸವನ್ನು ಓಡಿಸುತ್ತದೆ, ಕೆಲಸ ತನ್ನದಲ್ಲದ ಮೆಮೊರಿಯನ್ನು ಮುಟ್ಟುತ್ತದೆ. ಅಷ್ಟರಲ್ಲಿ ಆ ಜಾಗ ಬೇರೊಬ್ಬರ ಕೈ ಸೇರಿದ್ದರೆ ಅವರ ದತ್ತಾಂಶ ಕೆಡುತ್ತದೆ, ಇಲ್ಲವೆ ಇಡೀ ವ್ಯವಸ್ಥೆ ಕುಸಿಯುತ್ತದೆ.

2023ರಲ್ಲಿ ಈ ದೋಷ ಸಿವಿಇ-2023-33288 ಎಂಬ ಸಂಖ್ಯೆಯಲ್ಲಿ ದಾಖಲಾಯಿತು. ಅದೊಂದೇ ಅಲ್ಲ. ಅದೇ ವರ್ಷ ಎಕ್ಸ್-ಜೀನ್ ಪ್ರೊಸೆಸರಿನ ತಾಪಮಾನ ನೋಡುವ ಡ್ರೈವರ್ (ಸಿವಿಇ-2023-1855), ಎಸ್‌ಡಿಐಒ ಬ್ಲೂಟೂತ್ ಡ್ರೈವರ್ (ಸಿವಿಇ-2023-1989), ಡಿಎ9150 ಚಾರ್ಜರ್ ಡ್ರೈವರ್ (ಸಿವಿಇ-2023-30772), ಆರ್592 ಮೆಮೊರಿ ಸ್ಟಿಕ್ ಡ್ರೈವರ್ (ಸಿವಿಇ-2023-3141) ಇವುಗಳಲ್ಲೂ ಹೆಚ್ಚುಕಡಿಮೆ ಇದೇ ತಪ್ಪು ಸಿಕ್ಕಿತು. ಡ್ರೈವರನ್ನು ಕಳಚಲು ಆಡಳಿತಾಧಿಕಾರವೋ ಯಂತ್ರವನ್ನು ಕೈಯಲ್ಲಿ ಮುಟ್ಟುವ ಅವಕಾಶವೋ ಬೇಕಾಗುವುದರಿಂದ ದೂರದಿಂದ ದಾಳಿ ಮಾಡುವವರಿಗೆ ಇವು ಸುಲಭದ ಬಾಗಿಲುಗಳಲ್ಲ. ಆದರೂ ಬೇರೆ ಬೇರೆ ಮಂದಿ, ಬೇರೆ ಬೇರೆ ಕಾಲದಲ್ಲಿ ಬರೆದ ಡ್ರೈವರ್‌ಗಳಲ್ಲಿ ಒಂದೇ ಸಾಲು ಬಿಟ್ಟುಹೋಗಿತ್ತು ಎನ್ನುವುದು ಗಮನಿಸಬೇಕಾದ ಸಂಗತಿ. ಎಸ್‌ಡಿಐಒ ಬ್ಲೂಟೂತ್ ಡ್ರೈವರಿನ ಮೊದಲ ತಿದ್ದುಪಡಿಯೇ ಶೂನ್ಯ ವಿಳಾಸವನ್ನು ಮುಟ್ಟುವ ಹೊಸ ಸಾಧ್ಯತೆ ತಂದಿದ್ದರಿಂದ ಅದನ್ನು ಹಿಂತೆಗೆಯಬೇಕಾಯಿತು. ರದ್ದುಮಾಡುವ ಸಾಲನ್ನು ಎಲ್ಲಾದರೂ ಒಂದು ಕಡೆ ಸೇರಿಸಿದರಾಯಿತು ಎನ್ನುವಂತಿಲ್ಲ. ಅದು ಯಾವ ಸಾಲಿನ ನಂತರ, ಯಾವುದರ ಮೊದಲು ಬರುತ್ತದೆ ಎನ್ನುವುದರಲ್ಲೇ ಎಲ್ಲವೂ ಇದೆ.

ರದ್ದುಮಾಡುವುದು, ಕಾಯುವುದು

ಒಂದು ಕೆಲಸಕ್ಕೆ ಮೂರು ಸ್ಥಿತಿಗಳಿವೆ. ಅದು ಸಾಲಿನಲ್ಲಿ ಇಲ್ಲದಿರಬಹುದು, ಸಾಲಿನಲ್ಲಿ ಕಾಯುತ್ತಿರಬಹುದು, ಇನ್ನೊಂದು ಪ್ರೊಸೆಸರಿನ ಮೇಲೆ ಈಗಾಗಲೇ ಓಡುತ್ತಿರಬಹುದು. ಬರೀ ರದ್ದುಮಾಡುವ ಫಂಕ್ಷನ್ ಎರಡನೆಯ ಸ್ಥಿತಿಯಲ್ಲಿರುವ ಕೆಲಸವನ್ನಷ್ಟೇ ತೆಗೆದುಹಾಕುತ್ತದೆ. ಮೂರನೆಯ ಸ್ಥಿತಿಯಲ್ಲಿದ್ದರೆ ಅದು ಏನೂ ಮಾಡದೆ ಹಿಂದಿರುಗುತ್ತದೆ. ಕರೆದವರು ಕೆಲಸ ನಿಂತಿತೆಂದು ನಂಬಿ ಮೆಮೊರಿಯನ್ನು ಬಿಟ್ಟುಕೊಡುತ್ತಾರೆ. ಒಂದೇ ಪ್ರೊಸೆಸರ್ ಇದ್ದ ಕಾಲದಲ್ಲಿ ಈ ಬಿರುಕು ಅಷ್ಟಾಗಿ ಕಾಣುತ್ತಿರಲಿಲ್ಲ. ಇವತ್ತು ಫೋನುಗಳಲ್ಲೂ ಎಂಟು ಕೋರ್‌ಗಳಿರುವಾಗ ಅದು ಸದಾ ತೆರೆದೇ ಇರುತ್ತದೆ.

ಲಿನಕ್ಸ್‌ನಲ್ಲಿ ವರ್ಕ್‌ಕ್ಯೂ ಬಂದದ್ದು 2002ರಲ್ಲಿ, 2.5.41ನೆಯ ಅಭಿವೃದ್ಧಿ ಆವೃತ್ತಿಯಲ್ಲಿ, ಇಂಗೊ ಮೋಲ್ನಾರ್ ಅವರಿಂದ. ಆರಂಭದ ವರ್ಷಗಳಲ್ಲಿ ಡ್ರೈವರ್‌ಗಳು ಮುಕ್ತಾಯಕ್ಕೆ ಇಡೀ ಸಾಲನ್ನೇ ಖಾಲಿಯಾಗಿಸಿ ಕಾಯುತ್ತಿದ್ದವು. ಎಲ್ಲರೂ ಹಂಚಿಕೊಳ್ಳುವ ಸಾಲಿನಲ್ಲಿ ಹಾಗೆ ಕಾದರೆ ತನಗೆ ಸಂಬಂಧವೇ ಇಲ್ಲದ ಕೆಲಸಗಳಿಗೂ ಕಾಯಬೇಕು. ಆ ಅನ್ಯರ ಕೆಲಸ, ಕಾಯುವವರು ಹಿಡಿದಿರುವ ಬೀಗವನ್ನೇ ಬಯಸಿದರೆ ಇಬ್ಬರೂ ಮುಂದೆ ಸಾಗುವುದಿಲ್ಲ. 2007ರಲ್ಲಿ ಒಲೆಗ್ ನೆಸ್ಟರೋವ್ ಅವರ ಕೆಲಸದಿಂದ ‘ಕ್ಯಾನ್ಸಲ್_ವರ್ಕ್_ಸಿಂಕ್’ ಬಂದ ಮೇಲೆ ಒಂದೇ ಒಂದು ಕೆಲಸವನ್ನು ಹೆಸರಿಸಿ ರದ್ದುಮಾಡಿ, ಅದು ಓಡುತ್ತಿದ್ದರೆ ಮುಗಿಯುವವರೆಗೆ ಕಾಯುವುದು ಸಾಧ್ಯವಾಯಿತು. ಕೆಲಸ ತನ್ನನ್ನು ತಾನೇ ಮತ್ತೆ ಸಾಲಿಗೆ ಸೇರಿಸಿಕೊಳ್ಳುವ ಬಗೆಯದಾಗಿದ್ದರೂ ಈ ಫಂಕ್ಷನ್ ಅದನ್ನು ನಿಲ್ಲಿಸುತ್ತದೆ. ಹೆಸರಿನ ಕೊನೆಯ ‘ಸಿಂಕ್’ ಎಂಬ ತುಣುಕೇ ಕಾಯುವಿಕೆಯ ಭರವಸೆ. ಮೇಲೆ ಹೇಳಿದ ದೋಷಗಳಲ್ಲಿ ಬಹುಪಾಲು ವಾಸಿಯಾದದ್ದು ಇದರ ಅಥವಾ ಇದರ ಡಿಲೇಡ್ ವರ್ಕ್ ರೂಪದ ಬಳಕೆಯಿಂದ.

2010ರಲ್ಲಿ 2.6.36ನೆಯ ಆವೃತ್ತಿಯೊಂದಿಗೆ ತೇಜುನ್ ಹಿಯೊ ವರ್ಕ್‌ಕ್ಯೂವಿನ ಒಳಗನ್ನೇ ಹೊಸದಾಗಿ ಕಟ್ಟಿದರು. ಅದಕ್ಕೆ ಮೊದಲು ಒಂದೊಂದು ಸಾಲಿಗೆ ಒಂದೊಂದು ಪ್ರೊಸೆಸರಿನಲ್ಲಿ ಪ್ರತ್ಯೇಕ ಥ್ರೆಡ್ ಇರುತ್ತಿತ್ತು. ಹೆಚ್ಚು ಪ್ರೊಸೆಸರ್‌ಗಳಿದ್ದ ಕೆಲವು ಯಂತ್ರಗಳು ಶುರುವಾಗುವಷ್ಟರಲ್ಲೇ 32 ಸಾವಿರ ಪ್ರೊಸೆಸ್ ಸಂಖ್ಯೆಗಳ ಮಿತಿಯನ್ನು ಮುಟ್ಟಿಬಿಡುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಥ್ರೆಡ್‌ಗಳ ಒಂದು ಸಾಮಾನ್ಯ ಗುಂಪು ಎಲ್ಲ ಸಾಲುಗಳಿಗೂ ದುಡಿಯುತ್ತದೆ.

ಇಷ್ಟಾದರೂ ‘ಕ್ಯಾನ್ಸಲ್_ವರ್ಕ್_ಸಿಂಕ್’ನ ಭರವಸೆಗೆ ಒಂದು ಷರತ್ತು ಉಳಿದಿತ್ತು: ಅದು ಹಿಂದಿರುಗಿದ ಮೇಲೆ ಹೊರಗಿನಿಂದ ಯಾರೂ ಆ ಕೆಲಸವನ್ನು ಮತ್ತೆ ಸಾಲಿಗೆ ಸೇರಿಸಬಾರದು. ಈ ಜವಾಬ್ದಾರಿ ಡ್ರೈವರ್ ಬರೆದವರದೇ ಆಗಿತ್ತು. 2024ರ ಜುಲೈಯಲ್ಲಿ ಬಿಡುಗಡೆಯಾದ 6.10ರಲ್ಲಿ ‘ಡಿಸೇಬಲ್_ವರ್ಕ್_ಸಿಂಕ್’ ಸೇರಿದ ಮೇಲೆ ಆ ಕೊರತೆಯೂ ತುಂಬಿತು. ಅದು ರದ್ದುಮಾಡಿ, ಆ ಕೆಲಸವನ್ನು ನಿಷ್ಕ್ರಿಯ ಎಂದು ಗುರುತಿಸಿ, ಓಡುತ್ತಿದ್ದರೆ ಮುಗಿಯುವವರೆಗೆ ಕಾಯುತ್ತದೆ. ಮತ್ತೆ ಸೇರಿಸುವ ಯಾವ ಪ್ರಯತ್ನವೂ ಫಲಿಸುವುದಿಲ್ಲ. ಯುಎಸ್‌ಬಿ ಡ್ರೈವರ್‌ಗಳಲ್ಲಿ ಇದೇ ವಿಚಾರ ಹಿಂದಿನಿಂದಲೂ ಇತ್ತು. ಅಲ್ಲಿ ಡೇಟಾ ಕೋರಿಕೆಯೊಂದನ್ನು ಕಾಯದೆ ಬಿಡಿಸುವ, ಕಾದು ಕೊಲ್ಲುವ, ಮತ್ತೆ ಸಲ್ಲಿಸಲಾಗದಂತೆ ವಿಷವಿಕ್ಕುವ ಮೂರು ಬೇರೆ ಬೇರೆ ಫಂಕ್ಷನ್‌ಗಳಿವೆ.

ಬೆಂಗಳೂರಿನ ಕೊಡುಗೆ: ಆರ್‌ಸಿಯು ಬ್ಯಾರಿಯರ್

ಈ ವಿಷಯದಲ್ಲಿ ಕರ್ನಾಟಕದಿಂದ ಹೋದ ಕೆಲಸ ಗಟ್ಟಿಯಾದದ್ದು. ಬೆಂಗಳೂರಿನಲ್ಲಿ ಐಬಿಎಂ ನಡೆಸುತ್ತಿದ್ದ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಎಂಜಿನಿಯರ್‌ಗಳು 2000ದ ದಶಕದ ಆರಂಭದಿಂದಲೇ ಕರ್ನೆಲ್ಲಿನ ಹೃದಯಭಾಗಕ್ಕೆ ಕೈಹಾಕಿದ್ದರು. 2001ರಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಮಂಡನೆಯಾದ ಆರ್‌ಸಿಯು ಪ್ರಬಂಧದ ಲೇಖಕರಲ್ಲಿ ಪಾಲ್ ಮೆಕೆನಿ ಮೊದಲಾದವರ ಜೊತೆ ಐಬಿಎಂ ಇಂಡಿಯಾದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ ಇದ್ದರು. 2002ರ ಅಕ್ಟೋಬರಿನಲ್ಲಿ ಆರ್‌ಸಿಯು 2.5.43ನೆಯ ಆವೃತ್ತಿಗೆ ಸೇರಿತು.

ಆರ್‌ಸಿಯುವಿನಲ್ಲಿ ಓದುವವರು ಬೀಗ ಹಾಕುವುದಿಲ್ಲ. ಬದಲಿಸುವವರು ಹೊಸ ಪ್ರತಿ ಮಾಡಿ, ಹಳೆಯದನ್ನು ಎಲ್ಲ ಹಳೆಯ ಓದುಗರೂ ಹೊರಬಂದ ಮೇಲೆ ಬಿಡುಗಡೆ ಮಾಡಲು ಒಂದು ಫಂಕ್ಷನ್ನನ್ನು ನೋಂದಾಯಿಸಿ ಮುಂದೆ ಹೋಗುತ್ತಾರೆ. ಆ ಫಂಕ್ಷನ್ ಹಿನ್ನೆಲೆಯಲ್ಲಿ, ಯಾವುದೋ ಹೊತ್ತಿನಲ್ಲಿ ಓಡುತ್ತದೆ. ಅದು ಮಾಡ್ಯೂಲ್ ಒಂದರ ಒಳಗಿನದಾಗಿದ್ದು, ಓಡುವ ಮೊದಲೇ ಮಾಡ್ಯೂಲನ್ನು ಕರ್ನೆಲ್ಲಿನಿಂದ ತೆಗೆದುಬಿಟ್ಟರೆ ಪ್ರೊಸೆಸರ್ ಇಲ್ಲದ ಆದೇಶಗಳ ಕಡೆಗೆ ಜಿಗಿಯುತ್ತದೆ. ಹಳೆಯ ಓದುಗರು ಮುಗಿಯುವವರೆಗೆ ಕಾಯುವ ಫಂಕ್ಷನ್ ಮೊದಲಿನಿಂದಲೂ ಇತ್ತು. ಆದರೆ ಓದುಗರು ಮುಗಿದರು ಎಂದಮಾತ್ರಕ್ಕೆ ನೋಂದಾಯಿಸಿದ ಫಂಕ್ಷನ್‌ಗಳು ಓಡಿ ಮುಗಿದವು ಎಂದಾಗುವುದಿಲ್ಲ. ಅವು ಬೇರೆ ಬೇರೆ ಪ್ರೊಸೆಸರ್‌ಗಳ ಸಾಲುಗಳಲ್ಲಿ ತಮ್ಮ ಸರದಿಗೆ ಕಾಯುತ್ತಲೇ ಇರಬಹುದು.

2005ರ ಡಿಸೆಂಬರಿನಲ್ಲಿ, ರೈಸರ್4 ಎಂಬ ಕಡತವ್ಯವಸ್ಥೆಗೆ ಬೇಕಾದದ್ದರಿಂದ, ದೀಪಂಕರ್ ಶರ್ಮಾ ‘ಆರ್‌ಸಿಯು_ಬ್ಯಾರಿಯರ್’ ಎಂಬ ಫಂಕ್ಷನ್ನನ್ನು ಕರ್ನೆಲ್ಲಿಗೆ ಸೇರಿಸಿದರು. ಅದರ ಉಪಾಯ ಸರಳ, ಸುಂದರ. ಒಂದು ಪ್ರೊಸೆಸರಿನ ಸಾಲಿಗೆ ಸೇರಿದ ಫಂಕ್ಷನ್‌ಗಳ ಕ್ರಮ ಎಂದೂ ಬದಲಾಗುವುದಿಲ್ಲ ಎಂಬುದನ್ನು ಶರ್ಮಾ ಗಮನಿಸಿದ್ದರು. ಹಾಗಾದರೆ ಪ್ರತಿ ಪ್ರೊಸೆಸರಿನ ಸಾಲಿನ ಕೊನೆಗೂ ತನ್ನದೇ ಒಂದು ಗುರುತಿನ ಫಂಕ್ಷನ್ ಸೇರಿಸಿ, ಆ ಗುರುತುಗಳೆಲ್ಲ ಓಡಲು ಶುರುವಾಗುವವರೆಗೆ ಕಾದರೆ ಸಾಕು. ಅವುಗಳ ಮುಂದಿದ್ದವೆಲ್ಲ ಮುಗಿದಿರಲೇಬೇಕು. ಒಂದೊಂದು ಕೆಲಸವನ್ನೂ ಎಣಿಸಿ ಲೆಕ್ಕ ಇಡುವ ಗೋಜೇ ಇಲ್ಲ. ಆರ್‌ಸಿಯು ಬಳಸುವ ಮಾಡ್ಯೂಲ್ ಹೊರಹೋಗುವಾಗ ಮೊದಲು ಹೊಸ ನೋಂದಣಿ ನಿಲ್ಲಿಸಬೇಕು, ಆಮೇಲೆ ‘ಆರ್‌ಸಿಯು_ಬ್ಯಾರಿಯರ್’ ಕರೆಯಬೇಕು, ಅನಂತರ ಹೊರಹೋಗಬೇಕು ಎಂದು ಕರ್ನೆಲ್ಲಿನ ಅಧಿಕೃತ ದಾಖಲೆ ಈಗಲೂ ಹೇಳುತ್ತದೆ. ಶರ್ಮಾ ಅವರ ಈ ವಿಧಾನವನ್ನೂ ಅದೇ ದಾಖಲೆ ಅವರ ಹೆಸರಿನೊಂದಿಗೆ ವಿವರಿಸಿದೆ. ಭಾರತದಿಂದ ಲಿನಕ್ಸ್‌ಗೆ ಹೋದ ಕೊಡುಗೆಗಳ ಮಾತು ಬಂದಾಗ ಇದರ ಹೆಸರು ಕೇಳಿಬರುವುದು ಕಡಿಮೆ; ಅದು ಇನ್ನೂ ಹೆಚ್ಚು ಮಂದಿಗೆ ತಿಳಿದಿರಬೇಕಾದ ಕೆಲಸ.

ಟೈಮರ್ ಮತ್ತು ಕೆಲಸ ಒಂದನ್ನೊಂದು ಎಬ್ಬಿಸಿದಾಗ

ಟೈಮರ್ ಮುಗಿದಾಗ ಕೆಲಸವನ್ನು ಸಾಲಿಗೆ ಸೇರಿಸುವುದು, ಆ ಕೆಲಸ ಓಡಿದಾಗ ಟೈಮರನ್ನು ಮತ್ತೆ ಹೂಡುವುದು, ಇದು ಡ್ರೈವರ್‌ಗಳಲ್ಲಿ ಬಲು ಸಾಮಾನ್ಯ. ಮುಕ್ತಾಯದ ಹೊತ್ತಿಗೆ ಇದು ಕೊನೆಯಿಲ್ಲದ ಸುತ್ತಾಗುತ್ತದೆ. ಮೊದಲು ಟೈಮರ್ ನಿಲ್ಲಿಸಿದರೆ ಓಡುತ್ತಿರುವ ಕೆಲಸ ಅದನ್ನು ಮತ್ತೆ ಹೂಡುತ್ತದೆ. ಮೊದಲು ಕೆಲಸವನ್ನು ನಿಲ್ಲಿಸಿದರೆ ಟೈಮರ್ ಅದನ್ನು ಮತ್ತೆ ಸೇರಿಸುತ್ತದೆ.

ಕ್ವಾಲ್‌ಕಾಮ್ ಬ್ಲೂಟೂತ್ ಚಿಪ್ಪುಗಳ ಸೀರಿಯಲ್ ಡ್ರೈವರಿನಲ್ಲಿ ಈ ಸುತ್ತು ಸಿಕ್ಕಿತು. ಅಲ್ಲಿ ಕಾಯದ ಟೈಮರ್ ರದ್ದತಿಯನ್ನು ಬಿಟ್ಟು ಕಾಯುವ ರೂಪವನ್ನು ಬಳಸಿ, ವರ್ಕ್‌ಕ್ಯೂವನ್ನು ಮೊದಲು ನಾಶಮಾಡಿ ಆಮೇಲೆ ಟೈಮರ್ ನಿಲ್ಲಿಸುವಂತೆ ಒಮ್ಮೆ ತಿದ್ದಿದ್ದರು. ಕುಸಿತ ಅಪರೂಪವಾಯಿತು, ಆದರೆ ದೋಷ ಹೋಗಲಿಲ್ಲ: ಸಾಲು ನಾಶವಾದ ಮೇಲೆ, ಟೈಮರ್ ನಿಲ್ಲುವ ಮೊದಲು ಅದು ಮುಗಿದರೆ ಇಲ್ಲದ ಸಾಲಿಗೆ ಕೆಲಸ ಸೇರಿಸಲು ಹೋಗುತ್ತದೆ. 2022ರ ಕೊನೆಗೆ ಥಾಮಸ್ ಗ್ಲೈಕ್ಸ್‌ನರ್ ‘ಟೈಮರ್_ಶಟ್‌ಡೌನ್_ಸಿಂಕ್’ ಎಂಬ ಹೊಸ ಫಂಕ್ಷನ್ ತಂದು ಈ ಡ್ರೈವರನ್ನೂ ಅದಕ್ಕೆ ಬದಲಿಸಿದರು. ಅದು ಟೈಮರನ್ನು ನಿಲ್ಲಿಸಿ, ಓಡುತ್ತಿರುವ ಟೈಮರ್ ಫಂಕ್ಷನ್ ಮುಗಿಯುವವರೆಗೆ ಕಾದು, ಟೈಮರಿಗೆ ಕಟ್ಟಿದ್ದ ಫಂಕ್ಷನ್ನಿನ ವಿಳಾಸವನ್ನೇ ಅಳಿಸುತ್ತದೆ. ಆಮೇಲೆ ಯಾರು ಹೂಡಲು ಯತ್ನಿಸಿದರೂ ಆ ಕರೆ ಸದ್ದಿಲ್ಲದೆ ವ್ಯರ್ಥವಾಗುತ್ತದೆ. 2023ರ ಫೆಬ್ರವರಿಯ 6.2ನೆಯ ಆವೃತ್ತಿಯಿಂದ ಇದು ಲಭ್ಯ. ಈಗ ಸುತ್ತನ್ನು ಬಿಡಿಸುವ ವಿಧಾನ ಸ್ಪಷ್ಟ: ಟೈಮರನ್ನು ಶಾಶ್ವತವಾಗಿ ಮುಚ್ಚಿ, ಅನಂತರ ಕೆಲಸವನ್ನು ಕಾದು ರದ್ದುಮಾಡುವುದು.

ಕಳಚುವ ಅನುಕ್ರಮ

ಒಟ್ಟಾರೆ ಕ್ರಮ ಕಟ್ಟಿದ್ದಕ್ಕೆ ತಿರುಗಾಮುರುಗ. ಮೊದಲು ಹೊರಗಿನವರು ಬರುವ ದಾರಿ ಮುಚ್ಚಬೇಕು, ಅಂದರೆ ನೆಟ್‌ವರ್ಕ್, ಇನ್‌ಪುಟ್, ವಿದ್ಯುತ್ ಪೂರೈಕೆ ಮೊದಲಾದ ಉಪವ್ಯವಸ್ಥೆಗಳಿಂದ ಡ್ರೈವರಿನ ಹೆಸರನ್ನು ತೆಗೆಸಬೇಕು. ಆಮೇಲೆ ಯಂತ್ರಭಾಗದ ಇಂಟರಪ್ಟನ್ನು ಅದರೊಳಗೇ ಆರಿಸಿ, ಕರ್ನೆಲ್ಲಿನಲ್ಲಿ ಬಿಡಿಸಬೇಕು. ‘ಫ್ರೀ_ಐಆರ್‌ಕ್ಯೂ’ ಫಂಕ್ಷನ್ ಓಡುತ್ತಿರುವ ಇಂಟರಪ್ಟ್ ಮುಗಿಯುವವರೆಗೆ ಹಿಂದಿರುಗುವುದಿಲ್ಲವಾದ್ದರಿಂದ ಅದರ ನಂತರ ಇಂಟರಪ್ಟ್‌ನ ಕಡೆಯಿಂದ ಹೊಸ ಕೆಲಸ ಬರುವುದಿಲ್ಲ. ಅನಂತರ ಟೈಮರ್‌ಗಳು, ಅವುಗಳ ನಂತರ ಕೆಲಸಗಳು, ಥ್ರೆಡ್‌ಗಳಿದ್ದರೆ ಅವು, ಕಟ್ಟಕಡೆಗೆ ಮೆಮೊರಿ. ಕೆಲಸ ಹುಟ್ಟುವ ಮೂಲ ಬತ್ತುವ ಮೊದಲೇ ಕೆಲಸವನ್ನು ರದ್ದುಮಾಡಿದರೆ ಆ ರದ್ದತಿಗೆ ಬೆಲೆಯಿಲ್ಲ.

2007ರಲ್ಲಿ 2.6.21ನೆಯ ಆವೃತ್ತಿಗೆ ತೇಜುನ್ ಹಿಯೊ ಸೇರಿಸಿದ ‘ಡೆವ್‌ರೆಸ್’ ಈ ಅನುಕ್ರಮವನ್ನು ತಾನಾಗಿ ನಡೆಸುವ ಉದ್ದೇಶದ್ದು. ಹೆಸರು ‘ಡೆವ್‌ಎಂ’ ಎಂದು ಶುರುವಾಗುವ ಫಂಕ್ಷನ್‌ಗಳಿಂದ ಪಡೆದ ಮೆಮೊರಿ, ಇಂಟರಪ್ಟ್ ಮೊದಲಾದವು ಡ್ರೈವರ್ ಕಳಚಿದಾಗ, ಪಡೆದ ಕ್ರಮದ ಹಿಮ್ಮುಖದಲ್ಲಿ ತಾವೇ ಬಿಡುಗಡೆಯಾಗುತ್ತವೆ. ಬರೆಯುವವರ ಹೊರೆ ಇದರಿಂದ ಬಹಳ ಇಳಿಯಿತು. ಜೊತೆಗೆ ಹೊಸ ಬಗೆಯ ತಪ್ಪೂ ಬಂತು. ತಾನಾಗಿ ಆಗುವ ಈ ಬಿಡುಗಡೆ ನಡೆಯುವುದು ಡ್ರೈವರಿನ ‘ರಿಮೂವ್’ ಫಂಕ್ಷನ್ ಮುಗಿದ ನಂತರ. ಇಂಟರಪ್ಟನ್ನು ಡೆವ್‌ಎಂ ಮೂಲಕ ಪಡೆದು, ಕೆಲಸವನ್ನು ‘ರಿಮೂವ್’ನಲ್ಲಿ ಕೈಯಾರೆ ರದ್ದುಮಾಡಿದರೆ ಆ ಎರಡರ ನಡುವೆ ಇಂಟರಪ್ಟ್ ಇನ್ನೂ ಜೀವಂತ, ರದ್ದಾದ ಕೆಲಸವನ್ನು ಅದು ಮತ್ತೆ ಎಬ್ಬಿಸುತ್ತದೆ.

ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜನ್ನು ಅಳೆಯುವ ಬಿಕ್ಯೂ27ಎಕ್ಸ್‌ಎಕ್ಸ್‌ಎಕ್ಸ್ ಸರಣಿಯ ಡ್ರೈವರಿನಲ್ಲಿ 2023ರಲ್ಲಿ ಹಾನ್ಸ್ ಡಿ ಗೂಡ್ ಸರಿಪಡಿಸಿದ್ದು ಇದನ್ನೇ. ಇಂಟರಪ್ಟನ್ನು ಅವರು ‘ರಿಮೂವ್’ನಲ್ಲಿ ಸ್ಪಷ್ಟವಾಗಿ ಬಿಡಿಸುವಂತೆ ಮಾಡಿದರು. ಅದೇ ಸರಣಿಯ ತಿದ್ದುಪಡಿಗಳಲ್ಲಿ ಇನ್ನೆರಡು ಬಿರುಕುಗಳೂ ಮುಚ್ಚಿದವು. ಆ ಡ್ರೈವರ್ ಬ್ಯಾಟರಿಯ ಸ್ಥಿತಿಯನ್ನು ಆಗಾಗ ನೋಡಲು ಡಿಲೇಡ್ ವರ್ಕ್ ಬಳಸುತ್ತಿತ್ತು, ಮುಕ್ತಾಯದಲ್ಲಿ ಆ ಅವಧಿಯನ್ನು ಸೊನ್ನೆಗೆ ಇಳಿಸಿ ಮರುಸೇರ್ಪಡೆಯನ್ನು ತಡೆಯುತ್ತಿತ್ತು. ಆದರೆ ಆ ಅವಧಿ ಬಳಕೆದಾರರು ಬದಲಿಸಬಹುದಾದ ಮಾಡ್ಯೂಲ್ ಆಯ್ಕೆ. ಸೊನ್ನೆ ಮಾಡಿದ ಮರುಕ್ಷಣವೇ ಯಾರಾದರೂ ಬೇರೆ ಸಂಖ್ಯೆ ಬರೆದರೆ ತಡೆ ಹೋಯಿತು. ಆ ಆಯ್ಕೆಯನ್ನು ಬರೆದಾಗ ಪಟ್ಟಿಯಲ್ಲಿರುವ ಎಲ್ಲ ಸಾಧನಗಳ ಕೆಲಸವೂ ಮತ್ತೆ ಸಾಲಿಗೆ ಸೇರುತ್ತಿತ್ತು. ಕಳಚುತ್ತಿರುವ ಸಾಧನ ಪಟ್ಟಿಯಿಂದ ಹೊರಬರುತ್ತಿದ್ದುದು ರದ್ದತಿಯ ನಂತರ. ಪರಿಹಾರವಾಗಿ ಪ್ರತಿ ಸಾಧನಕ್ಕೂ ‘ತೆಗೆಯಲಾಗಿದೆ’ ಎಂಬ ಪ್ರತ್ಯೇಕ ಗುರುತು ಬಂತು, ಪಟ್ಟಿಯಿಂದ ತೆಗೆಯುವುದು ರದ್ದತಿಗಿಂತ ಮೊದಲಾಯಿತು. ಒಂದೇ ಕೆಲಸವನ್ನು ಎಬ್ಬಿಸುವ ದಾರಿಗಳು ಎಷ್ಟು ಕಡೆ ಹರಡಿರುತ್ತವೆ ಎಂದು ತಿಳಿಯಲು ಈ ತಿದ್ದುಪಡಿಗಳನ್ನು ಓದುವುದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೆಲಸದ ರದ್ದತಿಯನ್ನೂ ಡೆವ್‌ರೆಸ್‌ಗೆ ಒಪ್ಪಿಸುವ ಅನುಕೂಲ 2021ರ 5.13ನೆಯ ಆವೃತ್ತಿಯಲ್ಲಿ ಬಂತು. ಮೆಮೊರಿ, ಕೆಲಸ, ಇಂಟರಪ್ಟ್ ಎಂಬ ಕ್ರಮದಲ್ಲಿ ಮೂರನ್ನೂ ಡೆವ್‌ಎಂ ಮೂಲಕವೇ ನೋಂದಾಯಿಸಿದರೆ, ಬಿಡುಗಡೆ ಇಂಟರಪ್ಟ್, ಕೆಲಸ, ಮೆಮೊರಿ ಎಂಬ ಸರಿಯಾದ ಕ್ರಮದಲ್ಲೇ ಆಗುತ್ತದೆ. ಎಲ್ಲವನ್ನೂ ಡೆವ್‌ಎಂಗೆ ಬಿಡಬೇಕು, ಇಲ್ಲವೆ ಎಲ್ಲವನ್ನೂ ಕೈಯಾರೆ ಮಾಡಬೇಕು. ಅರ್ಧಂಬರ್ಧ ಬೆರಕೆಯೇ ಅಪಾಯಕಾರಿ.

ಕಾಯುತ್ತಲೇ ಸಿಕ್ಕಿಕೊಳ್ಳುವುದು

ಕಾಯುವಿಕೆಯಲ್ಲೂ ಒಂದು ಬಲೆಯಿದೆ. ಕೆಲಸಕ್ಕೆ ಬೇಕಾದ ಬೀಗವನ್ನು ಹಿಡಿದುಕೊಂಡೇ ಆ ಕೆಲಸ ಮುಗಿಯಲೆಂದು ಕಾದರೆ ಇಬ್ಬರೂ ನಿಂತಲ್ಲೇ ನಿಲ್ಲುತ್ತಾರೆ. ನೆಟ್‌ವರ್ಕ್ ಡ್ರೈವರ್‌ಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಸಂಪರ್ಕವನ್ನು ಮುಚ್ಚುವ ಫಂಕ್ಷನ್ನನ್ನು ಕರ್ನೆಲ್ ‘ಆರ್‌ಟಿಎನ್‌ಎಲ್’ ಎಂಬ ಸಾಮಾನ್ಯ ಬೀಗ ಹಿಡಿದೇ ಕರೆಯುತ್ತದೆ. ಡ್ರೈವರಿನ ಮರುಚಾಲನೆಯ ಕೆಲಸಕ್ಕೂ ಅದೇ ಬೀಗ ಬೇಕಾಗಿರುತ್ತದೆ. ಕೆಲಸ ತನ್ನೊಳಗಿನಿಂದಲೇ ತನ್ನನ್ನು ಕಾದು ರದ್ದುಮಾಡಿಕೊಂಡರೂ ಫಲ ಅದೇ. 2006ರಲ್ಲಿ ಬಂದ ಲಾಕ್‌ಡೆಪ್ ಎಂಬ ಬೀಗ ಪರೀಕ್ಷಕವನ್ನು ಯೋಹಾನೆಸ್ ಬರ್ಗ್ 2007ರಲ್ಲಿ ವರ್ಕ್‌ಕ್ಯೂಗಳಿಗೂ ವಿಸ್ತರಿಸಿದ ಮೇಲೆ, ಇಂಥ ಸಿಕ್ಕು ನಿಜವಾಗಿ ಬೀಳದಿದ್ದರೂ ಬೀಳುವ ಸಾಧ್ಯತೆಯನ್ನು ಕರ್ನೆಲ್ ಮೊದಲೇ ಎಚ್ಚರಿಸುತ್ತದೆ.

ಪ್ರೊಸೆಸರ್ ಒಂದನ್ನು ಓಡುತ್ತಿರುವಾಗಲೇ ತೆಗೆಯುವ, ಸೇರಿಸುವ ಸೌಲಭ್ಯವೂ ಇದೇ ಜಾತಿಯ ಸಿಕ್ಕುಗಳನ್ನು ತಂದಿತು. ಇಲ್ಲೂ ಐಬಿಎಂನ ಭಾರತೀಯ ತಂಡದ ಹೆಸರುಗಳು ಸಿಗುತ್ತವೆ. 2008ರ ಜನವರಿಯಲ್ಲಿ ಗೌತಮ್ ಆರ್. ಶೆಣೈ ಹಳೆಯ ಬೀಗದ ಜಾಗಕ್ಕೆ ಎಣಿಕೆ ಆಧಾರಿತ ವ್ಯವಸ್ಥೆಯನ್ನು ತಂದರು. 2014ರಲ್ಲಿ ಶ್ರೀವತ್ಸ ಎಸ್. ಭಟ್, ಪ್ರೊಸೆಸರ್ ಬಂದುಹೋಗುವ ಸುದ್ದಿಗೆ ಡ್ರೈವರ್‌ಗಳು ನೋಂದಾಯಿಸಿಕೊಳ್ಳುವಾಗ ಎರಡು ಬೀಗಗಳು ಎದುರುಬದುರಾಗುತ್ತಿದ್ದ ತೊಂದರೆಯನ್ನು ಬಿಡಿಸಿ, ಅನೇಕ ಡ್ರೈವರ್‌ಗಳನ್ನು ಹೊಸ ರೀತಿಗೆ ತಂದರು.

ತೆರೆದಿಟ್ಟ ಕಡತ

ಯುಎಸ್‌ಬಿ ಸಾಧನವನ್ನು ಕಿತ್ತ ಮೇಲೂ ಅದರ ಕಡತವನ್ನು ಒ‍ಂದು ಪ್ರೋಗ್ರಾಂ ತೆರೆದೇ ಇಟ್ಟಿರಬಹುದು. ಆಗ ಎಷ್ಟು ಕಾದರೂ ಸಾಲದು, ಪ್ರೋಗ್ರಾಂ ಕಡತ ಮುಚ್ಚುವುದು ಯಾವಾಗಲೋ ತಿಳಿಯದು. ಇದಕ್ಕೆ ಉಲ್ಲೇಖಗಳ ಎಣಿಕೆ ಬೇಕು. ದತ್ತಾಂಶವನ್ನು ಹಿಡಿದ ಪ್ರತಿಯೊಬ್ಬರೂ ಎಣಿಕೆಯನ್ನು ಒಂದು ಏರಿಸುತ್ತಾರೆ, ಬಿಡುವಾಗ ಇಳಿಸುತ್ತಾರೆ. ಸೊನ್ನೆಗೆ ಬಂದಾಗ ಮೆಮೊರಿ ಹೋಗುತ್ತದೆ. ಸಾಲಿನಲ್ಲಿರುವ ಕೆಲಸವೂ ಹಾಗೆ ತನ್ನ ಪಾಲಿನ ಎಣಿಕೆ ಹಿಡಿಯಬಹುದು. ಆದರೆ ಎಣಿಕೆ ಕಾಪಾಡುವುದು ಮೆಮೊರಿಯನ್ನು ಮಾತ್ರ. ಕಿತ್ತ ಯಂತ್ರಭಾಗದ ರಿಜಿಸ್ಟರನ್ನು ಮುಟ್ಟದಂತೆ ತಡೆಯಲು ಪ್ರತ್ಯೇಕ ಗುರುತೂ, ಅದನ್ನು ನೋಡುವಾಗ ಬೀಗವೂ ಬೇಕೇ ಬೇಕು.

ಕರ್ನೆಲ್ ಥ್ರೆಡ್‌ಗಳಲ್ಲೂ ಇದಕ್ಕೆ ಹತ್ತಿರದ ತೊಡಕಿದೆ. ‘ಕೆಥ್ರೆಡ್_ಸ್ಟಾಪ್’ ಥ್ರೆಡ್ಡಿಗೆ ನಿಲ್ಲಲು ಹೇಳಿ ಅದು ಹೊರಬರುವವರೆಗೆ ಕಾಯುತ್ತದೆ. ಥ್ರೆಡ್ ಅದಕ್ಕೂ ಮೊದಲೇ ತಾನಾಗಿ ಮುಗಿದುಹೋಗಿದ್ದರೆ, ಅದರ ವಿವರಗಳ ಮೇಲೆ ಎಣಿಕೆ ಹಿಡಿದಿಲ್ಲದಿದ್ದರೆ, ಆ ಕರೆಯೇ ಬಿಡುಗಡೆಯಾದ ಮೆಮೊರಿಯನ್ನು ಮುಟ್ಟುತ್ತದೆ.

ಬೇರೆ ವ್ಯವಸ್ಥೆಗಳಲ್ಲಿ

ವಿಂಡೋಸ್ ಡ್ರೈವರ್‌ಗಳಲ್ಲಿ ಇದಕ್ಕೆ ‘ರಿಮೂವ್ ಲಾಕ್’ ಇದೆ. ಪ್ರತಿ ಕಾರ್ಯವೂ ಅದನ್ನು ಹಿಡಿದು ಬಿಡುತ್ತದೆ, ಕಳಚುವ ಫಂಕ್ಷನ್ ಎಲ್ಲರೂ ಬಿಡುವವರೆಗೆ ಕಾಯುತ್ತದೆ, ಹೊಸಬರಿಗೆ ಕೊಡುವುದಿಲ್ಲ. ಫ್ರೀಬಿಎಸ್‌ಡಿಯಲ್ಲಿ ಟೈಮರಿಗೆ ‘ಕಾಲ್‌ಔಟ್_ಸ್ಟಾಪ್’, ‘ಕಾಲ್‌ಔಟ್_ಡ್ರೇನ್’ ಎಂಬ ಎರಡು ರೂಪಗಳಿದ್ದು, ಎರಡನೆಯದು ಮಾತ್ರ ಕಾಯುತ್ತದೆ. ಕೆಲಸಗಳ ಸಾಲಿಗೂ ಅಂಥದೇ ‘ಡ್ರೇನ್’ ಇದೆ. 2022ರ ಡಿಸೆಂಬರಿನ 6.1ರಿಂದ ಲಿನಕ್ಸ್ ಒಳಗೊಂಡಿರುವ ರಸ್ಟ್ ಭಾಷೆಯಲ್ಲಿ ಮೆಮೊರಿಯ ಒಡೆತನವನ್ನು ಕಂಪೈಲರೇ ನೋಡಿಕೊಳ್ಳುತ್ತದೆ. ಸಾಲಿಗೆ ಸೇರಿದ ಕೆಲಸ ತನ್ನ ದತ್ತಾಂಶದ ಮೇಲೆ ಎಣಿಕೆ ಹಿಡಿದೇ ಇರುವುದರಿಂದ ಬಿಡುಗಡೆಯಾದ ಮೆಮೊರಿಯನ್ನು ಮುಟ್ಟುವ ತಪ್ಪು ಅಲ್ಲಿ ಬಹುಮಟ್ಟಿಗೆ ತಪ್ಪುತ್ತದೆ. ಬೀಗಗಳ ಸಿಕ್ಕು ಮಾತ್ರ ರಸ್ಟ್‌ನಲ್ಲೂ ಬೀಳಬಹುದು.

ವಾಹನಗಳಲ್ಲಿ

ಪುಣೆಯ ಪಕ್ಕದ ಹಿಂಜವಡಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನಲ್ಲಿ ಕೆಪಿಐಟಿ, ಟಾಟಾ ಟೆಕ್ನಾಲಜೀಸ್ ಮೊದಲಾಗಿ ವಾಹನ ತಂತ್ರಾಂಶ, ವಾಹನ ವಿನ್ಯಾಸಗಳಲ್ಲಿ ತೊಡಗಿದ ಕಂಪನಿಗಳಿವೆ. ಡ್ರೈವರ್‌ಗಳ ಮುಕ್ತಾಯದ ಪ್ರಶ್ನೆ ಇಂಥ ಕಡೆ ಹೆಚ್ಚು ನಿತ್ಯದ್ದು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಡ್ರೈವರ್ ಕಳಚುವುದು ಅಪರೂಪ. ಕಾರಿನ ಪರದೆ, ಸಂಪರ್ಕ ಘಟಕಗಳು ಹಾಗಲ್ಲ. ಕೀಲಿ ತಿರುಗಿಸಿದಾಗಲೆಲ್ಲ ನಿದ್ರೆಗೆ ಜಾರುತ್ತವೆ, ಏಳುತ್ತವೆ. ನಿದ್ರೆಗೆ ಹೋಗುವ ಫಂಕ್ಷನ್ನಿನಲ್ಲೂ ಹಿನ್ನೆಲೆ ಕೆಲಸವನ್ನು ಕಾದು ನಿಲ್ಲಿಸದಿದ್ದರೆ, ವಿದ್ಯುತ್ತು ಆರಿದ ಚಿಪ್ಪಿನ ರಿಜಿಸ್ಟರನ್ನು ಓದಲು ಹೋಗಿ ಬಸ್ಸೇ ಕೆಡಬಹುದು. ನಿದ್ರೆಯ ಹೊತ್ತಿಗೆ ತಾನಾಗಿ ಹೆಪ್ಪುಗಟ್ಟುವ ವರ್ಕ್‌ಕ್ಯೂಗಳನ್ನು ಲಿನಕ್ಸ್ ಒದಗಿಸುತ್ತದೆ. ಡ್ರೈವರ್ ಎಚ್ಚೆತ್ತ ಮೇಲೆ ಅಲ್ಲಿದ್ದ ಕೆಲಸ ಮುಂದುವರಿಯುತ್ತದಾದ್ದರಿಂದ, ಕಳಚುವುದಕ್ಕೆ ಅದು ಪರ್ಯಾಯವಲ್ಲ.

ಪರೀಕ್ಷೆ

ಈ ದೋಷಗಳು ಕೆಲವೇ ಮಿಲಿಸೆಕೆಂಡುಗಳ ಕಿಂಡಿಯಲ್ಲಿ ಅಡಗಿರುವುದರಿಂದ ಕಣ್ಣೋಟಕ್ಕಿಂತ ಸಾಧನಗಳನ್ನು ನಂಬುವುದು ಲೇಸು. ಬಿಡುಗಡೆಯಾದ ಮೆಮೊರಿಯನ್ನು ಮುಟ್ಟಿದೊಡನೆ ಹಿಡಿಯುವ ಕೆಎಎಸ್‌ಎಎನ್ 2015ರ 4.0ರಲ್ಲಿ ಬಂತು. 2008ರಿಂದಿರುವ ‘ಡೀಬಗ್ ಆಬ್ಜೆಕ್ಟ್ಸ್’, ಸಾಲಿನಲ್ಲಿ ಉಳಿದ ಕೆಲಸ ಅಥವಾ ಹೂಡಿಟ್ಟ ಟೈಮರ್ ಇರುವ ಮೆಮೊರಿಯನ್ನು ಬಿಡುಗಡೆ ಮಾಡುವಾಗಲೇ ಕೂಗಿ ಹೇಳುತ್ತದೆ. ಕಿಂಡಿ ಎಷ್ಟೇ ಚಿಕ್ಕದಿರಲಿ, ಕೆಲಸ ಓಡುವವರೆಗೆ ಕಾಯಬೇಕಾಗಿಲ್ಲ. ಈ ವಿಷಯದಲ್ಲಿ ಅದು ಕೆಎಎಸ್‌ಎಎನ್‌ಗಿಂತ ಒಂದು ಹೆಜ್ಜೆ ಮುಂದು. ಸಿಸ್‌ಎಫ್‌ಎಸ್ ಕಡತವ್ಯವಸ್ಥೆಯ ‘ಅನ್‌ಬೈಂಡ್’ ಕಡತಕ್ಕೆ ಸಾಧನದ ಹೆಸರು ಬರೆದು, ಯಂತ್ರವನ್ನು ಮುಟ್ಟದೆಯೇ ಡ್ರೈವರನ್ನು ಕಳಚಬಹುದು. ಕೆಲಸಗಳ ದಟ್ಟಣೆ ಇರುವಾಗ ಇದನ್ನು ಸಾವಿರಾರು ಸಲ ತಿರುತಿರುಗಿ ಮಾಡುವ ಚಿಕ್ಕ ಸ್ಕ್ರಿಪ್ಟ್ ಒಳ್ಳೆಯ ಪರೀಕ್ಷೆ. 2016ರ 4.9ರಿಂದ ಕರ್ನೆಲ್ಲಿಗೆ ಇನ್ನೊಂದು ಆಯ್ಕೆ ಸೇರಿದೆ: ಅದನ್ನು ಹಾಕಿದರೆ ಯಂತ್ರ ಶುರುವಾಗುವಾಗಲೇ ಪ್ರತಿ ಡ್ರೈವರನ್ನೂ ಒಮ್ಮೆ ಕಟ್ಟಿ, ಕಳಚಿ, ಮತ್ತೆ ಕಟ್ಟಲಾಗುತ್ತದೆ. ಈ ಆಯ್ಕೆ, ಕೆಎಎಸ್‌ಎಎನ್, ಡೀಬಗ್ ಆಬ್ಜೆಕ್ಟ್ಸ್ ಮೂರನ್ನೂ ಹಾಕಿ ಒಮ್ಮೆಯೂ ಓಡಿಸದ ಡ್ರೈವರನ್ನು ಬಿಡುಗಡೆಗೆ ಸಿದ್ಧವೆಂದು ಒಪ್ಪಿಕೊಳ್ಳಬಾರದು.